ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಲವಂಗದ ಎಣ್ಣೆ ಹನಿ ಲೆಕ್ಕದಲ್ಲಿ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಲವಂಗದ ಎಣ್ಣೆಯ ಬಗ್ಗೆ ಕೇಳಿದ್ದನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಬರೆದವರಲ್ಲಿ ಹಲ್ಲಿನ ವೈದ್ಯರು, ಔಷಧ ರಸಾಯನ ಕಲಿಸುವವರು, ಸುಗಂಧ ತೈಲ ಭಟ್ಟಿ ಇಳಿಸಿ ಗೊತ್ತಿರುವವರು ಇದ್ದಾರೆ. ಇಲ್ಲಿ ಲವಂಗದ ಎಣ್ಣೆ ಎಂದರೆ ಆವಿಯಲ್ಲಿ ಇಳಿಸಿದ, 5 ಅಥವಾ 10 ಮಿ.ಲೀ. ಶೀಶೆಯಲ್ಲಿ ಸಿಗುವ ಅಪ್ಪಟ ಎಣ್ಣೆ. ಕೊಬ್ಬರಿ ಎಣ್ಣೆಗೆ ಲವಂಗ ಹಾಕಿ ಕಾಸಿದ್ದು ಬೇರೆ ಪದಾರ್ಥ, ಅದರ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ರಾತ್ರಿ ದವಡೆ ಹಲ್ಲು ವಿಪರೀತ ನೋಯುತ್ತಿತ್ತು. ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ನೆನೆಸಿ ಕಚ್ಚಿಕೊಂಡು ಮಲಗಿದೆ. ನೋವು ನಿಂತಿತು, ಆದರೆ ಬೆಳಗ್ಗೆ ಒಸಡು ಬೆಳ್ಳಗಾಗಿ ಸಿಪ್ಪೆ ಏಳುತ್ತಿದೆ. ಎಣ್ಣೆ ಕಲಬೆರಕೆಯದ್ದೇ?
(ಗೃಹಿಣಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಕಲಬೆರಕೆಯೇ ಇರಬೇಕೆಂದಿಲ್ಲ. ಶುದ್ಧ ಎಣ್ಣೆಯೂ ಹೀಗೆಯೇ ಸುಡುತ್ತದೆ. ಲವಂಗದ ಎಣ್ಣೆಯಲ್ಲಿ ನೂರಕ್ಕೆ 75ರಿಂದ 85 ಪಾಲು ಯೂಜಿನಾಲ್ ಎಂಬ ಒಂದೇ ವಸ್ತು. ಅದು ಫೀನಾಲ್ ಎಂಬ ರಾಸಾಯನಿಕಗಳ ಗುಂಪಿಗೆ ಸೇರಿದ್ದು. ಹಲ್ಲಿನ ನರದ ನೋವಿನ ಸಂಕೇತವನ್ನು ತಡೆಯುವುದೂ ಅದೇ, ಒಸಡಿನ ಮೆತ್ತನೆಯ ಚರ್ಮವನ್ನು ಸುಡುವುದೂ ಅದೇ. ನೆನೆಸಿದ ಹತ್ತಿಯಲ್ಲಿ ಕಡಿಮೆಯೆಂದರೂ ಹತ್ತು-ಹದಿನೈದು ಹನಿ ಇರುತ್ತದೆ. ಅದು ರಾತ್ರಿಯಿಡೀ ಒಂದೇ ಜಾಗಕ್ಕೆ ಒತ್ತಿಕೊಂಡಿದ್ದರೆ ಸುಡದೆ ಬಿಡುವುದಿಲ್ಲ.

ಈಗ ಎಣ್ಣೆ ನಿಲ್ಲಿಸಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ. ಒಂದು ವಾರ ಖಾರ, ಬಿಸಿ, ಎಲೆ-ಅಡಿಕೆ ಬೇಡ. ಬಿಳಿ ಪೊರೆಯನ್ನು ಉಗುರಿನಿಂದ ಕೀಳಬೇಡಿ, ತಾನಾಗಿ ಉದುರುತ್ತದೆ. ವಾರ ಕಳೆದರೂ ಹುಣ್ಣು ಒಣಗದಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ಸರಿಯಾದ ಕ್ರಮ. ಮೊದಲು ಬಾಯಿ ಮುಕ್ಕಳಿಸಿ, ಹುಳುಕಿನ ಗುಂಡಿಯಲ್ಲಿ ಸಿಕ್ಕಿಕೊಂಡ ಅನ್ನದ ಚೂರನ್ನು ಮೆಲ್ಲಗೆ ತೆಗೆಯಿರಿ. ಎಷ್ಟೋ ಸಲ ನೋವಿನ ಅರ್ಧ ಪಾಲು ಅಲ್ಲೇ ಹೋಗುತ್ತದೆ. ಒಂದು ಚಿಕ್ಕ ಚಮಚದಲ್ಲಿ ಕೊಬ್ಬರಿ ಎಣ್ಣೆ ಅಥವಾ ಶೇಂಗಾ ಎಣ್ಣೆ ನಾಲ್ಕು ಹನಿ, ಲವಂಗದ ಎಣ್ಣೆ ಒಂದು ಹನಿ ಬೆರೆಸಿ. ಅಕ್ಕಿಕಾಳಿನಷ್ಟು ಹತ್ತಿ ಅದ್ದಿ ಚೆನ್ನಾಗಿ ಹಿಂಡಿ. ಬೇಕಾದದ್ದು ತೇವ ಮಾತ್ರ, ತೊಟ್ಟಿಕ್ಕಬಾರದು. ಚಿಮಟಿಗೆಯಿಂದ ಗುಂಡಿಯೊಳಗೆ ಇಡಿ, ಒಸಡಿಗೆ ತಾಗಿಸಬೇಡಿ. ಐದರಿಂದ ಹತ್ತು ನಿಮಿಷ ಬಿಟ್ಟು ತೆಗೆದು, ಬಾಯಲ್ಲಿ ಊರಿದ ನೀರು ಉಗುಳಿ. ದಿನಕ್ಕೆ ಎರಡು-ಮೂರು ಸಲ, ಹೆಚ್ಚೆಂದರೆ ಎರಡು ದಿನ. ಹತ್ತಿ ಇಟ್ಟುಕೊಂಡು ನಿದ್ದೆಗೆ ಹೋಗಲೇಬಾರದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎಣ್ಣೆ ಗುಂಡಿಯನ್ನು ಮುಚ್ಚುವುದಿಲ್ಲ, ಹುಳುಕನ್ನು ನಿಲ್ಲಿಸುವುದೂ ಇಲ್ಲ. ವಾರಗಟ್ಟಲೆ ಕಾಡಿದ ಹಲ್ಲುನೋವು ಒಂದು ದಿನ ತಟ್ಟನೆ ಮಾಯವಾದರೆ ಎಣ್ಣೆ ಗುಣ ಕೊಟ್ಟಿತೆಂದು ಸುಮ್ಮನಾಗಬೇಡಿ. ಹಲ್ಲಿನೊಳಗಿನ ನರ ಸತ್ತಿರುವ ಸಾಧ್ಯತೆಯೇ ಹೆಚ್ಚು, ಕೀವು ಆಮೇಲೆ ಕಟ್ಟುತ್ತದೆ. ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ದಾವಣಗೆರೆಯಲ್ಲಿ ದಂತವೈದ್ಯಕೀಯ ಕಾಲೇಜುಗಳೇ ಇವೆ, ಊರಿನವರು ನೋವು ತಿಂದುಕೊಂಡು ಕೂರಬೇಕಾಗಿಲ್ಲ.

ಪ್ರಶ್ನೆ: ಡಾಕ್ಟರು ಹಲ್ಲಿಗೆ ತಾತ್ಕಾಲಿಕವಾಗಿ ತುಂಬಿದ ಸಿಮೆಂಟು ಲವಂಗದ ವಾಸನೆ ಬರುತ್ತದೆ. ಅದು ಇದೇ ಎಣ್ಣೆಯೇ? ಹಾಗಿದ್ದರೆ ಮನೆಯಲ್ಲಿ ಹಚ್ಚಿದರೆ ಏನು ತಪ್ಪು?
(ಶಿಕ್ಷಕರು, ಹೊಳಲ್ಕೆರೆ)

ಉತ್ತರ: ವಾಸನೆ ಯೂಜಿನಾಲ್‌ನದೇ. ಸತುವಿನ ಆಕ್ಸೈಡ್ ಪುಡಿಗೆ ಯೂಜಿನಾಲ್ ಸೇರಿಸಿ ಗಾಜಿನ ಹಲಗೆಯ ಮೇಲೆ ಕಲಸುತ್ತಾರೆ. ಎರಡೂ ಸೇರಿ ಗಟ್ಟಿಯಾಗುತ್ತವೆ. ಆಗ ಯೂಜಿನಾಲ್ ಬಹುಪಾಲು ಸಿಮೆಂಟಿನಲ್ಲಿ ಬಂಧಿಯಾಗಿ, ಸ್ವಲ್ಪಸ್ವಲ್ಪವೇ ಹೊರಬಂದು ನರವನ್ನು ಸಮಾಧಾನಪಡಿಸುತ್ತದೆ. ಶೀಶೆಯಿಂದ ನೇರ ಹಚ್ಚಿದರೆ ಅಷ್ಟೂ ಒಂದೇ ಏಟಿಗೆ ಬೀಳುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬುವಾಗ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರಲ್ಲ, ಆ ಗಟ್ಟಿಯಾಗುವ ಕ್ರಿಯೆಯನ್ನು ಯೂಜಿನಾಲ್ ತಡೆಯುತ್ತದೆ. ಗುಂಡಿಯೊಳಗೆ ಎಣ್ಣೆ ಉಳಿದಿದ್ದರೆ ತುಂಬಿದ್ದು ಅಡಿಯಲ್ಲಿ ಮೆತ್ತಗೇ ಉಳಿದು, ಕೆಲ ತಿಂಗಳಲ್ಲೇ ಸಡಿಲವಾಗಬಹುದು. ಆದ್ದರಿಂದ ಹಲ್ಲಿನ ವೈದ್ಯರ ಹತ್ತಿರ ಹೋದಾಗ "ಲವಂಗದ ಎಣ್ಣೆ ಹಾಕಿದ್ದೆ, ಇಂಥ ದಿನ" ಎಂದು ತಪ್ಪದೆ ಹೇಳಿ.

ಪ್ರಶ್ನೆ: ಒಂದೇ ಅಳತೆಯ ಶೀಶೆಗೆ ಒಂದು ಅಂಗಡಿಯಲ್ಲಿ ಒಂದು ಬೆಲೆ, ಇನ್ನೊಂದರಲ್ಲಿ ಅದರ ನಾಲ್ಕು ಪಟ್ಟು. ಮಾರುವವರೂ ನಾವೇ, ಗಿರಾಕಿಗೆ ಏನು ಹೇಳಬೇಕು? ಶುದ್ಧವೆಂದು ಗುರುತಿಸುವುದು ಹೇಗೆ?
(ಗ್ರಂಥಿಗೆ ಅಂಗಡಿಯವರು, ಚಳ್ಳಕೆರೆ)

ಉತ್ತರ: ಮಾರುವವರೇ ಈ ಪ್ರಶ್ನೆ ಕೇಳಿದ್ದು ಸಂತೋಷ. ಬೆಲೆಯ ಅಂತರಕ್ಕೆ ಮೊದಲ ಕಾರಣ ಮೋಸವಲ್ಲ, ಮರದ ಯಾವ ಭಾಗ ಎನ್ನುವುದು. ನಾವು ಲವಂಗ ಎನ್ನುವುದು ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಅದರಲ್ಲಿ ಎಣ್ಣೆ ನೂರಕ್ಕೆ 15ರಿಂದ 20ರಷ್ಟು. ಮೊಗ್ಗಿನ ತೊಟ್ಟಿನಲ್ಲಿ 5ರಿಂದ 7, ಎಲೆಯಲ್ಲಿ ಎರಡು-ಮೂರು. ಉದುರಿದ ಎಲೆ ಗುಡಿಸಿಯೂ ಎಣ್ಣೆ ಇಳಿಸಬಹುದಾದ್ದರಿಂದ ಎಲೆಯ ಎಣ್ಣೆ ಅಗ್ಗ. ಅದರಲ್ಲಿ ಯೂಜಿನಾಲ್ ಧಾರಾಳವಾಗಿಯೇ ಇದೆ. ಇಲ್ಲದ್ದು ಯೂಜಿನಾಲ್ ಅಸಿಟೇಟ್. ಮೊಗ್ಗಿನ ಎಣ್ಣೆಗೆ ಹಣ್ಣಿನಂಥ ನಯವಾದ ಕಂಪು ಕೊಡುವುದು ಅದೇ. ಎಲೆಯ ಎಣ್ಣೆ ಮೂಗಿಗೆ ಒರಟು, ಆಸ್ಪತ್ರೆಯ ವಾಸನೆಗೆ ಹತ್ತಿರ. ಅದನ್ನು ಎಲೆಯ ಎಣ್ಣೆ ಎಂದೇ ಹೇಳಿ ಮಾರಿದರೆ ಯಾವ ತಪ್ಪೂ ಇಲ್ಲ. ಮೊಗ್ಗಿನದೆಂದು ಮಾರುವುದು ತಪ್ಪು. ಚೀಟಿಯಲ್ಲಿ ಸಿಜಿಜಿಯಂ ಅರೋಮ್ಯಾಟಿಕಂ ಎಂಬ ಸಸ್ಯನಾಮ, ಬಡ್, ಲೀಫ್ ಅಥವಾ ಸ್ಟೆಮ್ ಎಂಬ ವಿವರ, ಬ್ಯಾಚ್ ಸಂಖ್ಯೆ ಇರಬೇಕು. ಬರಿಯ "ಲವಂಗ ಸುವಾಸನೆ" ಎಂದಿದ್ದರೆ ಅದು ಸೆಂಟು, ಬಾಯಿಗೆ ಸಲ್ಲದು.

ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. 10 ಮಿ.ಲೀ. ಮೊಗ್ಗಿನ ಎಣ್ಣೆ ಇಳಿಸಲು ಸುಮಾರು 65 ಗ್ರಾಂ ಒಳ್ಳೆಯ ಲವಂಗ ಬೇಕು. ಸಗಟು ದರದಲ್ಲಿ ಅಷ್ಟು ಲವಂಗಕ್ಕೆ ಬೀಳುವುದಕ್ಕಿಂತ ಕಡಿಮೆಗೆ ಶೀಶೆ ಸಿಗುತ್ತಿದ್ದರೆ ಅನುಮಾನ ಪಡಲೇಬೇಕು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಎರಡು. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲ್ಮೈಗೆ ತೀರ ಹತ್ತಿರದಿಂದ ಒಂದು ಹನಿ ಬಿಡಿ. ಸುಗಂಧ ತೈಲಗಳಲ್ಲಿ ಹೆಚ್ಚಿನವು ತೇಲುತ್ತವೆ. ಲವಂಗದ್ದು ನೀರಿಗಿಂತ ಭಾರ, ಸಾಂದ್ರತೆ 1.04ರಿಂದ 1.06, ಹಾಗಾಗಿ ದುಂಡಗೆ ತಳಕ್ಕಿಳಿಯುತ್ತದೆ. ಟರ್ಪೆಂಟೈನ್, ಪ್ಯಾರಾಫಿನ್, ಅಡುಗೆ ಎಣ್ಣೆ ಸಾಕಷ್ಟು ಬೆರೆತಿದ್ದರೆ ಹನಿ ಮೇಲೆಯೇ ನಿಲ್ಲುತ್ತದೆ. ತೆಳುವಾದ ಹನಿಯನ್ನು ನೀರಿನ ಮೇಲ್ಮೈ ಒಮ್ಮೊಮ್ಮೆ ಹಿಡಿದಿಡುವುದೂ ಉಂಟು, ಆದ್ದರಿಂದ ಕಡ್ಡಿಯಿಂದ ಒಮ್ಮೆ ತಟ್ಟಿ ನೋಡಿ. ಇನ್ನೊಂದು, ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಗಾಳಿಯಾಡುವಲ್ಲಿ ಎರಡು ದಿನ ಬಿಡಿ. ಈ ಎಣ್ಣೆ ನಿಧಾನವಾಗಿ ಆರುತ್ತದೆ, ಒಂದು ಗಂಟೆಗೇ ತೀರ್ಮಾನ ಬೇಡ. ಕೊನೆಗೆ ತಿಳಿ ಹಳದಿ ಗುರುತು ಉಳಿಯಬಹುದು. ಬೆಳಕಿಗೆ ಹಿಡಿದಾಗ ಬಜ್ಜಿ ಕಟ್ಟಿದ ಕಾಗದದಂತೆ ಪಾರದರ್ಶಕ ಜಿಡ್ಡು ಉಳಿದರೆ ಅಡುಗೆ ಎಣ್ಣೆಯ ಬೆರಕೆ ಇದೆ.

ಮೊಗ್ಗಿನ ಎಣ್ಣೆಗೆ ಎಲೆಯದನ್ನೋ ಬರಿಯ ಯೂಜಿನಾಲನ್ನೋ ಬೆರೆಸಿದ್ದರೆ ಈ ಎರಡೂ ಪರೀಕ್ಷೆ ಹಿಡಿಯಲಾರವು. ಅದಕ್ಕೆ ಪ್ರಯೋಗಾಲಯದ ಜಿ.ಸಿ. (ಗ್ಯಾಸ್ ಕ್ರೊಮಟೋಗ್ರಫಿ, ಎಣ್ಣೆಯಲ್ಲಿ ಯಾವ ವಸ್ತು ಎಷ್ಟಿದೆ ಎಂದು ತೋರಿಸುವ ಪರೀಕ್ಷೆ) ವರದಿಯೇ ಬೇಕು. ಸಗಟಾಗಿ ಕೊಳ್ಳುವ ನೀವು ಬ್ಯಾಚಿನ ವರದಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಇಡುವ ಬಗ್ಗೆ: ಕಂದು ಗಾಜಿನ ಶೀಶೆ, ಬಿಗಿ ಮುಚ್ಚಳ, ತಂಪು ಕತ್ತಲೆ ಜಾಗ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗಾಜಿನ ಷೋಕೇಸಿನಲ್ಲಿ ಜೋಡಿಸಿಟ್ಟರೆ ಬೇಗ ಕಪ್ಪಾಗಿ ಮಂದವಾಗುತ್ತದೆ. ಸಾದಾ ಪ್ಲಾಸ್ಟಿಕ್ ಡಬ್ಬಿಯನ್ನು, ಡ್ರಾಪರಿನ ರಬ್ಬರನ್ನು ಯೂಜಿನಾಲ್ ಮೆತ್ತಗೆ ಮಾಡುತ್ತದೆ. ರಬ್ಬರ್ ಡ್ರಾಪರನ್ನು ಶೀಶೆಯಲ್ಲೇ ಬಿಟ್ಟು ಮುಚ್ಚಬೇಡಿ.

ಪ್ರಶ್ನೆ: ಮನೆಯಲ್ಲೇ ಕುಕ್ಕರಿಗೆ ಪೈಪು ಜೋಡಿಸಿ ಲವಂಗದ ಎಣ್ಣೆ ತೆಗೆಯುವುದನ್ನು ವಿಡಿಯೋದಲ್ಲಿ ನೋಡಿದೆ. ನಾಲ್ಕು ಗಂಟೆ ಕುದಿಸಿದರೂ ಬಿಳಿ ನೀರು ಬಿಟ್ಟರೆ ಎಣ್ಣೆಯೇ ಕಾಣಲಿಲ್ಲ. ಎಲ್ಲಿ ತಪ್ಪಿತು?
(ಬಿ.ಎಸ್ಸಿ. ವಿದ್ಯಾರ್ಥಿ, ಹಿರಿಯೂರು)

ಉತ್ತರ: ಮೊದಲು ಕುಕ್ಕರಿನ ಮಾತು. ಪೈಪಿನ ಬಾಯಿಗೆ ಲವಂಗದ ಚೂರು ಸಿಕ್ಕಿಕೊಂಡರೆ ಒತ್ತಡ ಏರಿ ಮುಚ್ಚಳ ಸಿಡಿಯುತ್ತದೆ. ಆ ಏರ್ಪಾಡು ಕೈಬಿಡಿ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ದುಂಡು ತಳದ ಗಾಜಿನ ಫ್ಲಾಸ್ಕು, ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರು ಇದ್ದೇ ಇರುತ್ತವೆ. ಅಧ್ಯಾಪಕರನ್ನು ಕೇಳಿ ಅಲ್ಲಿ ಮಾಡಿ.

ಎಣ್ಣೆ ಕಾಣದಿದ್ದುದಕ್ಕೆ ಕಾರಣ ಬಹುಶಃ ನೀವು ಹುಡುಕಿದ ಜಾಗ. ಎಲ್ಲರೂ ಪಾತ್ರೆಯ ಮೇಲ್ಗಡೆ ನೋಡುತ್ತಾರೆ. ಲವಂಗದ ಎಣ್ಣೆ ಇರುವುದು ಅಡಿಯಲ್ಲಿ. ಆ ಬಿಳಿ ನೀರೂ ಬರಿಯ ನೀರಲ್ಲ, ಎಣ್ಣೆಯ ಅತಿಸಣ್ಣ ಹನಿಗಳು ತೇಲಾಡುವುದರಿಂದಲೇ ಅದು ಹಾಲಿನಂತೆ ಕಾಣುತ್ತದೆ. ಉದ್ದನೆಯ ಗಾಜಿನ ಪಾತ್ರೆಯಲ್ಲಿ ರಾತ್ರಿಯಿಡೀ ಅಲುಗಿಸದೆ ಇಟ್ಟರೆ ತಳದಲ್ಲಿ ಮಣಿಮಣಿಯಾಗಿ ಕೂಡುತ್ತದೆ. ಚೆಲ್ಲಿದ್ದರೆ ಎಣ್ಣೆಯನ್ನೇ ಚೆಲ್ಲಿದ್ದೀರಿ.

ಕ್ರಮ ಹೀಗಿರಲಿ. ಮೊದಲು ಲವಂಗ ಆರಿಸಿ. ಎಣ್ಣೆ ತೆಗೆದು ಒಣಗಿಸಿದ ಲವಂಗವನ್ನೇ ಮತ್ತೆ ಮಾರುವುದುಂಟು. ನೀರಿಗೆ ಹಾಕಿದಾಗ ಒಳ್ಳೆಯದು ಮುಳುಗುತ್ತದೆ, ಸಾರ ತೆಗೆದದ್ದು ತೇಲುತ್ತದೆ. ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. 100 ಗ್ರಾಂ ಲವಂಗವನ್ನು ಒರಳಲ್ಲಿ ಒಂದೊಂದು ಎರಡು-ಮೂರು ಚೂರಾಗುವಷ್ಟು ಮಾತ್ರ ಕುಟ್ಟಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಬಿಸಿಗೆ ಎಣ್ಣೆ ಹಾರುವುದಲ್ಲದೆ ಪುಡಿ ಮುದ್ದೆಯಾಗಿ ತಳ ಹಿಡಿದು ಸೀದ ವಾಸನೆ ಬರುತ್ತದೆ. ಕುಟ್ಟಿದ ತಕ್ಷಣ ಒಂದು ಲೀಟರ್ ನೀರಿನೊಂದಿಗೆ ಎರಡು ಲೀಟರ್ ಹಿಡಿಯುವ ಫ್ಲಾಸ್ಕಿಗೆ ಹಾಕಿ. ಪೂರ್ತಿ ತುಂಬಿಸಿದರೆ ನೊರೆ ಉಕ್ಕಿ ಕಂದು ನೀರು ಪೈಪಿಗೆ ನುಗ್ಗುತ್ತದೆ. ಹದವಾದ ಉರಿ, ಕಂಡೆನ್ಸರಿಗೆ ತಣ್ಣೀರು ಸದಾ ಹರಿಯುತ್ತಿರಲಿ, ಹೊರಬರುವ ದ್ರವ ಮುಟ್ಟಿದರೆ ತಣ್ಣಗಿರಬೇಕು. ಯೂಜಿನಾಲ್ ಕುದಿಯುವುದು 250 ಡಿಗ್ರಿ ದಾಟಿ. ನೀರಿನಾವಿಯ ಜೊತೆ ಸೇರಿ 100 ಡಿಗ್ರಿಯೊಳಗೇ ಬರುತ್ತದಾದರೂ ಬಹಳ ನಿಧಾನ. ನಾಲ್ಕು ಗಂಟೆ ಸಾಲದು, ಆರರಿಂದ ಎಂಟು ಗಂಟೆ ಇಟ್ಟುಕೊಳ್ಳಿ. ಇಳಿದ ಬಿಳಿ ನೀರನ್ನು, ತಳದ ಎಣ್ಣೆ ಬೇರ್ಪಡಿಸಿ, ಮತ್ತೆ ಫ್ಲಾಸ್ಕಿಗೇ ಸುರಿಯುತ್ತಿರಿ. ಬಿಳಿ ನೀರು ಚೆಲ್ಲಿ ಹೊಸ ನೀರು ಸುರಿದರೆ ಚೆಲ್ಲಿದ್ದರಲ್ಲಿ ಕರಗಿದ ಎಣ್ಣೆಯೂ ನಷ್ಟ.

ಇಳಿದ ನೀರಿನಿಂದ ಎಣ್ಣೆಯನ್ನು ತಾನೇ ಬೇರ್ಪಡಿಸಿ ನೀರನ್ನು ಫ್ಲಾಸ್ಕಿಗೆ ಮರಳಿಸುವ ಕ್ಲೆವೆಂಜರ್ ಎಂಬ ಗಾಜಿನ ಉಪಕರಣ ಸಿಕ್ಕರೆ ಕೆಲಸ ಸಲೀಸು, ಆದರೆ ಅದರಲ್ಲಿ ಎರಡು ಬಗೆ. ನೀರಿಗಿಂತ ಹಗುರ ಎಣ್ಣೆಗೆ ಮಾಡಿದ್ದರಲ್ಲಿ ಲವಂಗ ಇಟ್ಟರೆ ಎಣ್ಣೆ ನೀರಿನೊಂದಿಗೆ ವಾಪಸ್ ಫ್ಲಾಸ್ಕಿಗೆ ಜಾರಿಬಿಡುತ್ತದೆ. ಭಾರ ಎಣ್ಣೆಯದ್ದೇ ಬೇಕೆಂದು ಕೇಳಿ ಪಡೆಯಿರಿ. ಕಬ್ಬಿಣದ ಪಾತ್ರೆ, ತುಕ್ಕು ಹಿಡಿದ ಕ್ಲಾಂಪು ಎಣ್ಣೆಗೆ ತಾಗಿದರೆ ಬಣ್ಣ ಕಪ್ಪಗಾಗುತ್ತದೆ, ರಬ್ಬರ್ ಕೊಳವೆ ಉಬ್ಬುತ್ತದೆ. ಎಲ್ಲ ಸರಿಹೋದರೆ 100 ಗ್ರಾಮಿಗೆ 8ರಿಂದ 12 ಮಿ.ಲೀ. ತನಕ ನಿರೀಕ್ಷಿಸಬಹುದು. ಕಲಿಯಲು ಇದು ಸೊಗಸಾದ ಪ್ರಯೋಗ. ದುಡ್ಡು ಉಳಿಸಲು ಎಂದಾದರೆ ಬೇಡ, ಗ್ಯಾಸಿನ ಖರ್ಚೂ ಹುಟ್ಟುವುದಿಲ್ಲ.

ಪ್ರಶ್ನೆ: ಮಂಡಿನೋವಿಗೆ ಲವಂಗದ ಎಣ್ಣೆ ಹಚ್ಚುತ್ತೇನೆ. ನಮ್ಮ ಮನೆಯವರು ಕೊಬ್ಬರಿ ಎಣ್ಣೆಗೆ ಲವಂಗ ಹಾಕಿ ಕಾಸಿ ಕೊಡುತ್ತಾರೆ. ಎರಡರಲ್ಲಿ ಯಾವುದು ಮೇಲು? ರಕ್ತ ತೆಳುವಾಗುವ ಮಾತ್ರೆಯೂ ನಡೆಯುತ್ತಿದೆ.
(ನಿವೃತ್ತ ನೌಕರರು, ಹೊಸದುರ್ಗ)

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಮೊದಲು ಉತ್ತರ. ಯೂಜಿನಾಲ್‌ಗೆ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಗುಣವಿದೆ. ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಈ ಎಣ್ಣೆಯನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಮೈಗೆ ಹಚ್ಚುವುದಾದರೂ ನಿಮ್ಮ ವೈದ್ಯರನ್ನು ಕೇಳಿಯೇ ಹಚ್ಚಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸುವುದು ಕ್ಷೇಮ.

ಅವರು ಒಪ್ಪಿದರೆ, ಚರ್ಮಕ್ಕೆ ಸುರಕ್ಷಿತ ಪ್ರಮಾಣ ನೂರಕ್ಕೆ ಅರ್ಧ ಪಾಲು. ಅಂದರೆ 100 ಮಿ.ಲೀ. ಕೊಬ್ಬರಿ, ಎಳ್ಳು ಅಥವಾ ಶೇಂಗಾ ಎಣ್ಣೆಗೆ ಅರ್ಧ ಮಿ.ಲೀ., ಸುಮಾರು 12 ಹನಿ. ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು, ಕೆಂಪಾಗದಿದ್ದರೆ ಮಾತ್ರ ಮಂಡಿಗೆ. ಹಚ್ಚಿ ಬಿಸಿನೀರಿನ ಚೀಲ ಇಟ್ಟು ಬಟ್ಟೆ ಕಟ್ಟಬೇಡಿ, ಗುಳ್ಳೆ ಏಳುತ್ತದೆ. ಈ ಎಣ್ಣೆ ಕೊಡುವುದು ಬಿಸಿ-ಜುಮ್ಮೆನ್ನುವ ಅನುಭವ ಮತ್ತು ಸ್ವಲ್ಪ ಹೊತ್ತಿನ ಆರಾಮ. ಸವೆದ ಕೀಲು ಇದರಿಂದ ಕೂಡುವುದಿಲ್ಲ.

ಮನೆಯಲ್ಲಿ ಕಾಸಿದ್ದು ಸೌಮ್ಯ ಎಂದು ಎಲ್ಲರೂ ತಿಳಿದಿರುತ್ತಾರೆ. ಲೆಕ್ಕ ಹಾಕಿ ನೋಡಿ: 100 ಮಿ.ಲೀ. ಎಣ್ಣೆಗೆ ಒಂದು ಹಿಡಿ, ಅಂದರೆ 20 ಗ್ರಾಂ ಲವಂಗ ಹಾಕಿದರೆ ಅದರಲ್ಲಿ ಮೂರು ಗ್ರಾಮಿಗೂ ಮಿಕ್ಕಿ ಸಾರವಿದೆ. ಅರ್ಧ ಇಳಿದರೂ ಸುರಕ್ಷಿತ ಪ್ರಮಾಣದ ಮೂರು ಪಟ್ಟು. 100 ಮಿ.ಲೀ.ಗೆ 3 ಗ್ರಾಂ, ಸುಮಾರು 30 ಲವಂಗ ಸಾಕು. ಎಲ್ಲ ಸಾರ ಇಳಿದರೂ ಮಿತಿಯ ಆಸುಪಾಸಿನಲ್ಲೇ ಇರುತ್ತದೆ. ಜಜ್ಜಿ ಹಾಕಿ, ಕುದಿಯುವ ನೀರಿನ ಪಾತ್ರೆಯೊಳಗೆ ಎಣ್ಣೆಯ ಬಟ್ಟಲಿಟ್ಟು ಒಂದು ಗಂಟೆ ಸಣ್ಣ ಉರಿಯಲ್ಲಿ ಬಿಡಿ. ನೇರ ಒಲೆಯ ಮೇಲೆ ಲವಂಗ ಕಪ್ಪಾಗುವ ತನಕ ಹುರಿದರೆ ಸಾರವೆಲ್ಲ ಹೊಗೆಯ ಜೊತೆ ಹೋಗುತ್ತದೆ. ಬಟ್ಟೆಯಲ್ಲಿ ಸೋಸಿ, ಒಣ ಶೀಶೆಗೆ ತುಂಬಿ. ನೀರಿನ ಪಸೆ ಉಳಿದರೆ ಬೇಗ ಕಮಟುತ್ತದೆ.

ಪ್ರಶ್ನೆ: ಎರಡು ವರ್ಷದ ಮಗುವಿಗೆ ಹಲ್ಲು ಬರುತ್ತಿದೆ. ಒಸಡಿಗೆ ಒಂದು ಹನಿ ಹಚ್ಚಬಹುದೇ?
(ತಾಯಿ, ಜಗಳೂರು)

ಉತ್ತರ: ಬೇಡಮ್ಮ, ಅರ್ಧ ಹನಿಯೂ ಬೇಡ. ಆಹಾರದಲ್ಲಿ ಯೂಜಿನಾಲ್ ದಿನಕ್ಕೆ ದೇಹತೂಕದ ಕಿಲೋಗೆ 2.5 ಮಿಲಿಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಗೊತ್ತುಮಾಡಿದೆ. 12 ಕಿಲೋ ಮಗುವಿಗೆ ಅದು 30 ಮಿಲಿಗ್ರಾಂ. ಒಂದು ಹನಿ ಎಣ್ಣೆಯಲ್ಲೇ ಅದಕ್ಕಿಂತ ಹೆಚ್ಚಿದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆ ಕಚ್ಚಲು ಕೊಡಿ, ತೊಳೆದ ಬೆರಳಿನಿಂದ ಒಸಡು ತೀಡಿ.

ಶೀಶೆ ಮಗುವಿಗೆ ಎಟುಕದ ಹಾಗೆ ಬೀಗದಲ್ಲಿರಲಿ. ಒಂದೆರಡು ಚಮಚ, 5ರಿಂದ 10 ಮಿ.ಲೀ., ಕುಡಿದ ಮಕ್ಕಳಿಗೆ ಪ್ರಜ್ಞೆ ತಪ್ಪಿ, ಸೆಳೆತ ಬಂದು, ಯಕೃತ್ತು ಕೆಟ್ಟದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. 108ಕ್ಕೆ ಕರೆ ಮಾಡಿ, ಶೀಶೆಯನ್ನೂ ಜೊತೆಗೆ ಒಯ್ಯಿರಿ. ಮಗು ಆಡಿಕೊಂಡಿದೆ ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ, ಯಕೃತ್ತಿನ ತೊಂದರೆ ತಡವಾಗಿ ತೋರುತ್ತದೆ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ. ಗರ್ಭಿಣಿಯರು ಅಡುಗೆಯ ಲವಂಗ ತಿನ್ನಬಹುದು, ಈ ಎಣ್ಣೆ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ತಾಗಿಸಬೇಡಿ, ಬೆಕ್ಕಿನ ಮೈ ಫೀನಾಲನ್ನು ಅರಗಿಸಿಕೊಳ್ಳಲಾರದು.

ಪ್ರಶ್ನೆ: ಮದುವೆ ಅಡುಗೆಯಲ್ಲಿ ಪಲಾವಿಗೆ ಲವಂಗದ ಬದಲು ಎಣ್ಣೆ ಹಾಕಿದರೆ ಉಳಿತಾಯವೇ?
(ಅಡುಗೆ ಕಂಟ್ರಾಕ್ಟರ್, ಹರಿಹರ)

ಉತ್ತರ: ಒಂದು ಹನಿ ಎರಡು-ಮೂರು ಲವಂಗಕ್ಕೆ ಸಮ. ಬಳಸುವುದಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇರುವ, ಆಹಾರಕ್ಕೆಂದೇ ತಯಾರಾದದ್ದು ಮಾತ್ರ. ಎಣ್ಣೆ ನೀರಿನಲ್ಲಿ ಕರಗದು. ಅಕ್ಕಿಯ ಮೇಲೆ ನೇರ ಬಿಟ್ಟರೆ ಒಬ್ಬರ ತಟ್ಟೆಗೆ ಬಾಯಿ ಸುಡುವಷ್ಟು, ಉಳಿದವರಿಗೆ ಏನೂ ಇಲ್ಲ. ತುಪ್ಪದಲ್ಲಿ ಕಲಸಿ, ಇಳಿಸುವ ಹೊತ್ತಿಗೆ ಬೆರೆಸಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಮೊಗ್ಗನ್ನೇ ಹಾಕಿ. ಒಗ್ಗರಣೆಯಲ್ಲಿ ಅರಳಿದ ಲವಂಗದ ರುಚಿ ಎಣ್ಣೆಗೆ ಬಾರದು.

ಪ್ರಶ್ನೆ: ಕಟ್ಟಿಟ್ಟ ಮೆಕ್ಕೆಜೋಳಕ್ಕೆ ಹುಳ ಬೀಳದಂತೆ ಲವಂಗದ ಎಣ್ಣೆ ಬೆರೆಸಬಹುದೇ?
(ರೈತರು, ದಾವಣಗೆರೆ ತಾಲ್ಲೂಕು)

ಉತ್ತರ: ಯೂಜಿನಾಲ್ ತಾಗಿದ ಮೂತಿಹುಳ ಸಾಯುವುದು ನಿಜ. ಆದರೆ ಕ್ವಿಂಟಲ್ ಲೆಕ್ಕದ ಕಾಳಿಗೆ ಖರ್ಚು ನಿಲುಕದು, ವಾಸನೆ ಹಿಡಿದ ಕಾಳನ್ನು ಮಂಡಿಯಲ್ಲಿ ಕೊಳ್ಳುವವರೂ ಇರುವುದಿಲ್ಲ. ತೇವಾಂಶ ಶೇಕಡ 12ಕ್ಕೆ ಇಳಿಯುವ ತನಕ ಒಣಗಿಸಿ, ಹಳೆಯ ಚೀಲಗಳನ್ನು ಬಿಸಿಲಿಗೆ ಹಾಕಿ, ಮರದ ಹಲಗೆಯ ಮೇಲೆ ಗೋಡೆ ಬಿಟ್ಟು ಜೋಡಿಸಿ. ಗಾಳಿಯಾಡದ ಒಳಚೀಲ ಸಿಕ್ಕರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಡಿಕೆ ತೋಟದ ನಡುವೆ ಲವಂಗ ಬೆಳೆಯಬಹುದೇ?
(ಬೆಳೆಗಾರರು, ಚನ್ನಗಿರಿ)

ಉತ್ತರ: ಲವಂಗ ಇಂಡೊನೇಷ್ಯಾದ ಮಲುಕು ದ್ವೀಪಗಳ ಮರ, ನಮ್ಮ ನೇರಳೆಯ ಹತ್ತಿರದ ಬಂಧು. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ತಮಿಳುನಾಡಿನ ಕುಟ್ರಾಲಂ ತೋಟದಲ್ಲಿ ನೆಡಿಸಿತು. ಇಂದಿಗೂ ಅದು ಚೆನ್ನಾಗಿ ನಿಂತಿರುವುದು ಕನ್ಯಾಕುಮಾರಿ ಗುಡ್ಡಗಳು, ಕೇರಳದಂಥ ತೇವದ ಸೀಮೆಯಲ್ಲಿ. ಅದಕ್ಕೆ 150 ಸೆಂ.ಮೀ.ಗೂ ಮಿಕ್ಕಿದ ಮಳೆ, ವರ್ಷವಿಡೀ ತೇವದ ಗಾಳಿ ಬೇಕು. ಬೋರ್‌ವೆಲ್ ನೀರು ಬೇರಿಗೆ ಸಿಗುತ್ತದೆ, ಮಾರ್ಚ್-ಏಪ್ರಿಲ್‌ನ ಒಣ ಗಾಳಿಯಿಂದ ಎಲೆಯನ್ನು ಕಾಪಾಡದು. ಫಲಕ್ಕೆ ಏಳೆಂಟು ವರ್ಷ ಕಾಯಬೇಕಾದ ಮರವಿದು. ಆಸೆಗೆ ಒಂದೆರಡು ಗಿಡವನ್ನು ತೋಟದ ದಟ್ಟ ನೆರಳಿನಲ್ಲಿ ನೆಡಿ, ಆದಾಯಕ್ಕೆಂದು ನೆಡಬೇಡಿ. ನಡುಬೆಳೆ ಬೇಕೆಂದರೆ ಕಾಳುಮೆಣಸು ಅಥವಾ ವೀಳ್ಯದೆಲೆ ಹಬ್ಬಿಸಿ. ಎರಡಕ್ಕೂ ಅಡಿಕೆ ಮರವೇ ಆಸರೆ, ಕೊಳ್ಳುವವರೂ ಹತ್ತಿರದಲ್ಲೇ ಇದ್ದಾರೆ.